ಸೊಂಟ ಮುರಿದವರು ಎದ್ದು ನಡೆದ ಚರಿತ್ರೆ

ನಮ್ಮ ಕಡೆ ವಯಸ್ಸಾದವರು ಯಾರಾದರೂ ಬಿದ್ದರು ಅಂತ ಸುದ್ದಿ ಬಂದರೆ ಕೇಳಿದವರು ಮೊದಲು ಕೇಳುವುದು ಒಂದೇ ಮಾತು: "ಸೊಂಟಕ್ಕೇನೂ ಆಗ್ಲಿಲ್ಲವಲ್ಲ?" ಕೈ ಮುರಿದರೆ ಕಟ್ಟು ಹಾಕಬಹುದು, ತಲೆ ಒಡೆದರೆ ಹೊಲಿಗೆ ಹಾಕಬಹುದು. ಸೊಂಟ ಮುರಿಯಿತು ಎಂಬ ಮಾತಿಗೆ ನನ್ನ ಚಿಕ್ಕಂದಿನಲ್ಲಿ ಬೇರೆಯೇ ಅರ್ಥ ಇತ್ತು. ಬೊಂಬಾಯಿಯಲ್ಲಿದ್ದ ಮಕ್ಕಳಿಗೆ ಕಾಗದ ಹೋಗುತ್ತಿತ್ತು. ಜಾಗದ ಪಾಲಿನ ಮಾತು ಮೆಲ್ಲಗೆ ಚಾವಡಿಗೆ ಬರುತ್ತಿತ್ತು. ಮನೆಯ ಹೆಂಗಸರು ಹಳೇ ಸೀರೆಗಳನ್ನು ಹರಿದು ಬಟ್ಟೆ ಮಾಡಿ ಇಡುತ್ತಿದ್ದರು.

ಈಗ ಅದೇ ಊರಿನಲ್ಲಿ ಸೊಂಟ ಮುರಿದು ಆಪರೇಶನ್ ಆದವರು ನಾಲ್ಕು ತಿಂಗಳಲ್ಲಿ ಮದುವೆ ಮನೆಗೆ ಬಂದು, ಕುರ್ಚಿಯಲ್ಲಿ ಕೂತು ಊಟ ಮಾಡಿ ಹೋಗುವುದನ್ನು ನಾವು ನೋಡುತ್ತೇವೆ. ಹಾಗೆಯೇ, ಆಪರೇಶನ್ ಚೆನ್ನಾಗಿಯೇ ಆಗಿ, ಎಕ್ಸ್‌ರೇಯಲ್ಲಿ ಎಲ್ಲ ಸರಿ ಇದ್ದು, ಮಂಚದಿಂದ ಏಳದೆ ಉಳಿದವರೂ ಇದ್ದಾರೆ. ಆಸ್ಪತ್ರೆ ಒಂದೇ, ಹಾಕಿದ ಲೋಹದ ಚೆಂಡೂ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವ. ನಮ್ಮ ಮನೆಯಲ್ಲೇ ಎರಡು ಸಲ, ನಲವತ್ತನಾಲ್ಕು ವರ್ಷಗಳ ಅಂತರದಲ್ಲಿ ಈ ಪ್ರಸಂಗ ಬಂದದ್ದರಿಂದ ಇದರ ಚರಿತ್ರೆಯನ್ನು ಹುಡುಕಿಕೊಂಡು ಓದಿದೆ. ಓದುತ್ತಾ ಹೋದ ಹಾಗೆ ನನಗೆ ಕಂಡದ್ದು, ಎಲುಬಿನ ಚರಿತ್ರೆಯನ್ನು ಎಲ್ಲರೂ ಬರೆದಿದ್ದಾರೆ, ಎಲುಬನ್ನು ಹಿಡಿದು ನಿಲ್ಲಿಸುವ ಮಾಂಸದ ಚರಿತ್ರೆ ಮಾತ್ರ ಬದಿಗೆ ಬಿದ್ದಿದೆ.

ಮೊದಲು ಮುರಿಯುವುದು ಏನು ಅಂತ ನೋಡುವ. ನಾವು ಸೊಂಟ ಎನ್ನುತ್ತೇವೆ, ನಿಜವಾಗಿ ಮುರಿಯುವುದು ತೊಡೆಯ ಎಲುಬು. ಈ ಎಲುಬಿನ ಮೇಲ್ತುದಿಯಲ್ಲಿ ಒಂದು ಚೆಂಡು, ಅದರ ಕೆಳಗೆ ಓರೆಯಾದ ಒಂದು ಕುತ್ತಿಗೆ. ಚೆಂಡು ಸೊಂಟದ ಗುಳಿಯೊಳಗೆ ಕೂತು ತಿರುಗುತ್ತದೆ. ವಯಸ್ಸಾದ ಹಾಗೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಎಲುಬು ಗೆದ್ದಲು ತಿಂದ ಮರದ ಹಾಗೆ ಒಳಗೆ ಟೊಳ್ಳಾಗುತ್ತದೆ. ಬಚ್ಚಲಲ್ಲಿ ಜಾರಿದರೂ ಸಾಕು, ಕುತ್ತಿಗೆ ಮುರಿಯುತ್ತದೆ. ಚೆಂಡಿಗೆ ರಕ್ತ ಹೋಗುವ ಸಣ್ಣ ನಾಳಗಳು ಈ ಕುತ್ತಿಗೆಯ ಮೇಲಿನಿಂದಲೇ ಹೋಗುವುದು. ಕುತ್ತಿಗೆ ಮುರಿದಾಗ ಅವೂ ಹರಿದರೆ ಚೆಂಡು ಅನ್ನವಿಲ್ಲದೆ ಸಾಯುತ್ತದೆ. ಹಾಗಾಗಿ ಕೈ ಎಲುಬು ಕೂಡಿದ ಹಾಗೆ ಇದು ಕೂಡುವುದಿಲ್ಲ. ಕುತ್ತಿಗೆಗಿಂತ ಸ್ವಲ್ಪ ಕೆಳಗೆ ಮುರಿದರೆ ರಕ್ತಕ್ಕೆ ತೊಂದರೆ ಇಲ್ಲ, ಅದು ಕೂಡುತ್ತದೆ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆದವರು ಲಂಡನ್ನಿನ ಸರ್ಜನ್ ಆಸ್ಲಿ ಕೂಪರ್, 1822ರಲ್ಲಿ. ಆಗ ಎಕ್ಸ್‌ರೇ ಇಲ್ಲ, ಅರಿವಳಿಕೆಯೂ ಇಲ್ಲ. ಸತ್ತವರ ಎಲುಬುಗಳನ್ನು ಕೂಡಿಹಾಕಿ ನೋಡಿ ಕಂಡುಕೊಂಡದ್ದು. ನನಗೆ ಹೆಚ್ಚು ಆಶ್ಚರ್ಯವಾದದ್ದು ಅವರು ಹೇಳಿದ ಚಿಕಿತ್ಸೆ. ಕುತ್ತಿಗೆ ಮುರಿದ ಮುದುಕರನ್ನು ತಿಂಗಳುಗಟ್ಟಲೆ ಮಲಗಿಸಬೇಡಿ, ಹತ್ತು ಹದಿನಾಲ್ಕು ದಿನ ಕಾಲ ಕೆಳಗೆ ದಿಂಬಿಟ್ಟು ನೋವು ಇಳಿದ ಮೇಲೆ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಊರುಗೋಲು ಕೊಟ್ಟು ನಡೆಸಿ ಎಂದರು. ಎಲುಬು ಕೂಡದಿದ್ದರೂ ಚಿಂತೆಯಿಲ್ಲ, ಮಲಗಿಸಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಇನ್ನೂರು ವರ್ಷ ಹಿಂದಿನ ಈ ಬುದ್ಧಿ ಮಧ್ಯದಲ್ಲಿ ಎಲ್ಲಿಯೋ ಕಳೆದುಹೋಯಿತು. 1902ರಲ್ಲಿ ಅಮೆರಿಕದ ರಾಯಲ್ ವಿಟ್‌ಮನ್ ಎಂಬವರು ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕುವ ಕ್ರಮ ತಂದರು. ಎಲುಬು ಕೂಡಿಸುವ ಹಟದಲ್ಲಿ ಮನುಷ್ಯನನ್ನು ಕೊರಡು ಮಾಡಿದ ಹಾಗೆ.

ನಮ್ಮ ಕಡೆಯ ಕ್ರಮ ಬೇರೆ ಇತ್ತು. ಎಲುಬು ಕಟ್ಟುವ ಪಂಡಿತರು ಎಲ್ಲ ಊರುಗಳಲ್ಲೂ ಇದ್ದರು. ಕೈ, ಮೊಣಕೈ, ಕಣಕಾಲು ಇವರ ಕೈಯಲ್ಲಿ ಸರಿಯಾದದ್ದನ್ನು ನಾನೇ ನೋಡಿದ್ದೇನೆ. ಬಿದಿರಿನ ಸೀಳು, ಎಣ್ಣೆ ಬಟ್ಟೆ, ಅರೆದ ಮದ್ದು. ಈ ವಿದ್ಯೆಯ ಬೇರು ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಎಲುಬಿಗೆಂದೇ ಒಂದು ಅಧ್ಯಾಯ ಉಂಟು. ತೊಡೆ ಅಥವಾ ಸೊಂಟ ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ, ಅಲುಗದ ಹಾಗೆ ಐದು ಗೂಟಗಳಿಗೆ ಕಟ್ಟಬೇಕು ಎಂದು ಅದರಲ್ಲಿ ಹೇಳಿದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಉಂಟು, ಅದನ್ನು ಮುಂದೆ ಹೇಳುತ್ತೇನೆ, ಅದು ಈ ಲೇಖನಕ್ಕೆ ಹೆಚ್ಚು ಮುಖ್ಯ.

ನನ್ನ ಅಜ್ಜಿ ಬಿದ್ದದ್ದು 1972ರ ಆಟಿ ತಿಂಗಳಲ್ಲಿ, ಕೊಟ್ಟಿಗೆಯಿಂದ ಬರುವಾಗ ಪಾಚಿ ಹಿಡಿದ ಕಲ್ಲಿನ ಮೇಲೆ. ಪಂಡಿತರು ಬಂದು ಕಾಲು ನೋಡಿದರು. ಪಾದ ಹೊರಗೆ ತಿರುಗಿತ್ತು, ಕಾಲು ಎರಡು ಬೆರಳು ಗಿಡ್ಡವಾಗಿತ್ತು. "ಕೈಯೋ ಕಾಲೋ ಆದರೆ ಕಟ್ಟುತ್ತಿದ್ದೆ. ಇದು ನನ್ನಿಂದ ಆಗುವಂಥದ್ದಲ್ಲ" ಎಂದು ದಕ್ಷಿಣೆಯನ್ನೂ ಮುಟ್ಟದೆ ಹೋದರು. ಆ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಅಜ್ಜಿಯನ್ನು ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಜನ ಹೊತ್ತು ರಸ್ತೆಗೆ ತಂದು, ಜೀಪಿನಲ್ಲಿ ಪೇಟೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾಲಿಗೆ ಅಂಟುಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ಕಾಲಬುಡದಲ್ಲಿ ಇಟ್ಟಿಗೆ ತೂಗಿಸಿದರು. ಈ ಎಳೆತದ ಕ್ರಮ ಅಮೆರಿಕದ ಗರ್ಡನ್ ಬಕ್ ಎಂಬ ಡಾಕ್ಟರು 1861ರ ಹೊತ್ತಿಗೆ ಬಳಕೆಗೆ ತಂದದ್ದು ಎಂದು ನಾನು ಓದಿದ್ದು ಬಹಳ ಮೇಲೆ. ನೂರು ವರ್ಷ ದಾಟಿ ಅದು ನಮ್ಮ ಅಜ್ಜಿಯ ಕಾಲಿಗೆ ಬಂದಿತ್ತು. ಆರು ವಾರ ಆದ ಮೇಲೆ ಮನೆಗೆ ಕಳುಹಿಸಿದರು. ತೊಡೆ ಅಷ್ಟರಲ್ಲಿ ನನ್ನ ತೋಳಿನಷ್ಟಾಗಿತ್ತು, ಆಗ ನನಗೆ ಹದಿನಾಲ್ಕು ವರ್ಷ. ಬೆನ್ನಲ್ಲಿ ಹಾಸಿಗೆ ಹುಣ್ಣು. ದೀಪಾವಳಿಗೆ ಅಜ್ಜಿ ಇರಲಿಲ್ಲ.

ಅಜ್ಜಿ ತೀರಿಹೋದದ್ದು ಸೊಂಟದಿಂದಲ್ಲ, ಹಾಸಿಗೆಯಿಂದ. ಇದನ್ನು ಆ ಕಾಲಕ್ಕೇ ಜಗತ್ತಿನಲ್ಲಿ ಕೆಲವರು ಹೇಳಿದ್ದರು. 1930ರ ದಶಕದಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ ಹಾಸಿಗೆ ಹಿಡಿದ ಮುದುಕರ ವಾರ್ಡಿನ ಜವಾಬ್ದಾರಿ ವಹಿಸಿಕೊಂಡರು. ಬಹಳ ಮಂದಿಗೆ ಇರುವ ಮುಖ್ಯ ರೋಗ ಮಲಗಿಸಿ ಇಟ್ಟದ್ದೇ ಎಂದು ಅವರಿಗೆ ಕಂಡಿತು. ಒಬ್ಬೊಬ್ಬರನ್ನೇ ಎಬ್ಬಿಸಿ, ಕೂರಿಸಿ, ನಡೆಸಿ ಎಷ್ಟೋ ಮಂದಿಯನ್ನು ಮನೆಗೆ ಕಳುಹಿಸಿದರು. 1947ರಲ್ಲಿ ರಿಚರ್ಡ್ ಆಶರ್ ಎಂಬ ಡಾಕ್ಟರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮಲಗುವುದರ ಅಪಾಯಗಳ ಬಗ್ಗೆಯೇ ಒಂದು ಲೇಖನ ಬರೆದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಎದೆಯಲ್ಲಿ ಕಫ ಕಟ್ಟುವುದು, ಸ್ನಾಯು ಕರಗುವುದು, ಗಂಟು ಬಿಗಿಯುವುದು, ಕೊನೆಗೆ ಮನಸ್ಸೇ ಏಳಲು ಒಪ್ಪದಿರುವುದು. ಇವೆಲ್ಲ ನಮ್ಮ ಅಜ್ಜಿಯಲ್ಲಿ ಒಂದಾದ ಮೇಲೆ ಒಂದು ಕಂಡದ್ದು ನನಗೆ ನೆನಪಿದೆ.

ಇನ್ನು ಆಪರೇಶನಿನ ಕಥೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಇದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಬೋಸ್ಟನ್ನಿನ ಸ್ಮಿತ್ ಪೀಟರ್ಸನ್ 1925ರಲ್ಲಿ ಮೂರು ರೆಕ್ಕೆಯ ಮೊಳೆ ಹೊಡೆದು ಮುರಿದ ಕುತ್ತಿಗೆಯನ್ನು ಜೋಡಿಸಿದರು. 1940ರಲ್ಲಿ ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್‌ಮನ್ ಸೇರಿ ಒಬ್ಬ ರೋಗಿಗೆ ಎಲುಬಿನ ಮೇಲ್ತುದಿಯನ್ನೇ ತೆಗೆದು ಲೋಹದ್ದು ಕೂರಿಸಿದರು. ಆಮೇಲೆ ಮೂರ್ ಅವರು ರೂಪಿಸಿದ ಲೋಹದ ಚೆಂಡು ಅವರ ಹೆಸರಿನಲ್ಲೇ ಲೋಕವೆಲ್ಲ ಹರಡಿತು. ನಮ್ಮ ದೇಶದಲ್ಲಿ ಬಡವರಿಗೆ ಸಿಕ್ಕಿದ್ದು ಬಹಳ ವರ್ಷ ಇದೇ. ಗುಳಿ ಮತ್ತು ಚೆಂಡು ಎರಡನ್ನೂ ಬದಲಿಸುವ ಕ್ರಮವನ್ನು ಗಟ್ಟಿ ಮಾಡಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಮೊದಲು ಟೆಫ್ಲಾನಿನಿಂದ ಗುಳಿ ಮಾಡಿ ಹಾಕಿದರು, ಅದು ಕೆಲವೇ ವರ್ಷಗಳಲ್ಲಿ ಸವೆದು ಹಾಳಾಯಿತು. ಆ ಪುಡಿಯಿಂದ ಮೈಯಲ್ಲಿ ಏನಾಗುತ್ತದೆ ಎಂದು ನೋಡಲು ತನ್ನ ತೊಡೆಗೇ ಅದನ್ನು ಹಾಕಿಸಿಕೊಂಡ ಮನುಷ್ಯ ಅವರು. 1962ರ ನವೆಂಬರಿನಲ್ಲಿ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ಗುಳಿ ಹಾಕಿದರು, ಅದು ನಿಂತಿತು. ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ ಮೈಕೆಲ್ ಡೆವಾಸ್ ಎಂಬ ಸರ್ಜನ್, ಮುದುಕರಿಗೆ ಮಾಡುವ ಆಪರೇಶನ್ ಮರುದಿನವೇ ಪೂರ್ತಿ ಭಾರ ಹಾಕಿ ನಿಲ್ಲುವ ಹಾಗೆ ಇರಬೇಕು ಎಂದು ಹಟ ಹಿಡಿದರು. ಆಸ್ಲಿ ಕೂಪರ್ ಅವರ ಎತ್ತರದ ಕುರ್ಚಿ ಹೀಗೆ ನೂರೈವತ್ತು ವರ್ಷ ಸುತ್ತಿ ಹಿಂದೆ ಬಂತು.

ನಮಗೆ ಇವೆಲ್ಲ ಬಂದದ್ದು ಮಂಗಳೂರಿನ ದಾರಿಯಲ್ಲಿ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇತ್ತು, ಜಿಲ್ಲೆಯ ದೊಡ್ಡ ಪೇಟೆ ಮಂಗಳೂರು. 1848ರಲ್ಲಿ ಶುರುವಾದ, ಮುಂದೆ ವೆನ್ಲಾಕ್ ಎಂದು ಹೆಸರಾದ ಸರಕಾರಿ ಆಸ್ಪತ್ರೆ ಅಲ್ಲಿ ಇತ್ತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮದ್ದು ಕೊಡಲು ಕೂತ ಜಾಗ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. 1907ರಲ್ಲಿ ರೈಲು ಮಂಗಳೂರಿಗೆ ಮುಟ್ಟಿದ ಮೇಲೆ ನಮ್ಮವರಿಗೆ ದಾರಿ ಹತ್ತಿರವಾಯಿತು. 1953ರಲ್ಲಿ ಟಿ.ಎಂ.ಎ. ಪೈಯವರ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಮೂರೇ ವರ್ಷಕ್ಕೆ, 1956ರ ನವೆಂಬರ್ 1ಕ್ಕೆ, ನಾವು ಕೇರಳಕ್ಕೆ ಸೇರಿದೆವು. ಕಾಗದಪತ್ರ ತಿರುವನಂತಪುರಕ್ಕೆ ಹೋಯಿತು, ಮುರಿದ ಸೊಂಟ ಮಾತ್ರ ಮಂಗಳೂರಿಗೇ ಹೋಗುತ್ತಾ ಉಳಿಯಿತು. 1984ರಲ್ಲಿ ಕಾಸರಗೋಡು ಸ್ವಂತ ಜಿಲ್ಲೆಯಾದ ಮೇಲೂ ಹೀಗೆಯೇ. ಇದರಲ್ಲಿ ರಾಜಕೀಯ ಹೇಳಲು ನಾನು ಹೊರಟಿಲ್ಲ. ಆಪರೇಶನ್ ಐವತ್ತು ಕಿಲೋಮೀಟರ್ ಆಚೆ, ಇನ್ನೊಂದು ರಾಜ್ಯದಲ್ಲಿ ಆಗುತ್ತದೆ. ಒಂದು ವಾರದಲ್ಲಿ ರೋಗಿ ಮನೆಗೆ ಬರುತ್ತಾರೆ. ಆಮೇಲಿನ ಆರು ತಿಂಗಳಿಗೆ ಅವರು ಯಾರ ಲೆಕ್ಕದಲ್ಲೂ ಇಲ್ಲ. ಇಷ್ಟನ್ನು ಹೇಳಬೇಕಿತ್ತು.

ಆ ಆರು ತಿಂಗಳೇ ಮಾಂಸದ ಕಾಲ.

ಅದು ಹೇಗೆ ಎಂದು ತಿಳಿಯಲು ನಮ್ಮ ಹಳೇ ತೋಟಗಳ ಏತವನ್ನು ನೆನಪು ಮಾಡಿಕೊಳ್ಳಬೇಕು. ಉದ್ದ ತುದಿಯಲ್ಲಿ ನೀರಿನ ಮರಿಗೆ, ಗಿಡ್ಡ ತುದಿಯಲ್ಲಿ ಭಾರದ ಕಲ್ಲು. ಗಿಡ್ಡ ತುದಿಯ ಭಾರ ನೀರಿನ ಭಾರದ ಎರಡರಷ್ಟೋ ಮೂರರಷ್ಟೋ ಇದ್ದರೇ ಏತ ಸಮ ನಿಲ್ಲುವುದು. ನಾವು ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕಾಲಿನ ಮೇಲೆ ನಿಲ್ಲುತ್ತೇವೆ. ಆಗ ಸೊಂಟದ ಚೆಂಡು ಏತದ ಕಂಬ, ಇಡೀ ಮೈ ಉದ್ದ ತುದಿಯ ಮರಿಗೆ. ಸೊಂಟದ ಪಕ್ಕದಲ್ಲಿರುವ ಅಂಗೈಯಗಲದ ಸ್ನಾಯು ಗಿಡ್ಡ ತುದಿಯ ಕಲ್ಲು. ಐವತ್ತು ಕಿಲೋ ತೂಕದ ಹೆಂಗಸಿನ ಆ ಸ್ನಾಯು ಹೆಜ್ಜೆ ಹೆಜ್ಜೆಗೂ ಹತ್ತಿರ ಹತ್ತಿರ ನೂರು ಕಿಲೋ ಎಳೆತ ಕೊಡಬೇಕು. ಜರ್ಮನಿಯ ಫ್ರೀಡ್ರಿಕ್ ಪೌವೆಲ್ಸ್ 1935ರಲ್ಲಿ ಸೊಂಟದ ಕುತ್ತಿಗೆ ಮುರಿಯುವುದರ ಬಗ್ಗೆ ಬರೆದ ಪುಸ್ತಕದಲ್ಲಿ ಈ ಬಗೆಯ ಲೆಕ್ಕ ಹಾಕಿದ್ದಾರೆ. ಅದಕ್ಕೂ ಮೊದಲು, 1895ರಲ್ಲಿ, ಟ್ರೆಂಡಲೆನ್‌ಬರ್ಗ್ ಎಂಬ ಸರ್ಜನ್, ಈ ಸ್ನಾಯು ಸೋತವರು ಬಾತುಕೋಳಿಯ ಹಾಗೆ ಹೊಯ್ದಾಡಿ ನಡೆಯುತ್ತಾರೆ ಎಂದು ತೋರಿಸಿದ್ದರು. ರೋಗಿಯನ್ನು ಒಂದು ಕಾಲಲ್ಲಿ ನಿಲ್ಲಿಸಿ ಇನ್ನೊಂದು ಬದಿಯ ಸೊಂಟ ಕುಸಿಯುತ್ತದೋ ಎಂದು ಡಾಕ್ಟರುಗಳು ಇಂದಿಗೂ ನೋಡುವುದು ಅದನ್ನೇ.

ಸೊಂಟದ ಒಳಗೆ ಹೋಗಲು ಡಾಕ್ಟರಿಗೆ ಸ್ನಾಯುವಿನ ನಡುವೆಯೇ ದಾರಿ ಮಾಡಬೇಕು. ಪಕ್ಕದಿಂದ ಹೋಗುವ ಕ್ರಮದಲ್ಲಿ ಈಗ ಹೇಳಿದ ಸ್ನಾಯುವಿನ ಒಂದು ಭಾಗವನ್ನೇ ಬಿಡಿಸಿ ಆಮೇಲೆ ಹೊಲಿಯುತ್ತಾರೆ. ಹಿಂದಿನಿಂದ ಹೋಗುವ ಕ್ರಮದಲ್ಲಿ ಅದು ಉಳಿಯುತ್ತದೆ, ಆದರೆ ಚೆಂಡು ಹಿಂದಕ್ಕೆ ಜಾರಿ ಹೊರಬರುವ ಭಯ ಮೊದಲ ಕೆಲವು ವಾರ ಹೆಚ್ಚು. ತಗ್ಗಿನಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಿ ನೆಲದಿಂದ ಏನನ್ನೂ ಎತ್ತಬಾರದು ಎನ್ನುವುದು ಅದಕ್ಕೆ. ನಮ್ಮ ಮನೆಗಳಲ್ಲಿ ಮಣೆ ತಗ್ಗು, ಮೆಟ್ಟುಕತ್ತಿ ನೆಲದಲ್ಲಿ, ಹಳೇ ಕಕ್ಕಸು ಕುಕ್ಕರಗಾಲಿನದ್ದು. ಯಾವ ಬದಿಯಿಂದ ತೆರೆದಿದ್ದಾರೆ, ಎಷ್ಟು ದಿನ ಜಾಗ್ರತೆ ಬೇಕು ಎಂದು ಡಿಸ್ಚಾರ್ಜಿನ ದಿನ ಡಾಕ್ಟರಲ್ಲಿ ಕೇಳಿ ಬರೆದುಕೊಂಡು ಬರುವುದು ಒಳ್ಳೆಯದು. ನಾವು ಸಾಧಾರಣ ಬಿಲ್ಲಿನ ಬಗ್ಗೆ ಮಾತ್ರ ಕೇಳುತ್ತೇವೆ.

ಬಿದ್ದ ಪೆಟ್ಟು, ಆಪರೇಶನಿನ ಗಾಯ, ಸೇರದ ಊಟ, ಮಲಗುವುದು, ಇಷ್ಟೂ ಸೇರಿ ಮಾಂಸವನ್ನು ಕರಗಿಸುತ್ತವೆ. ಎಷ್ಟು ಬೇಗ ಎನ್ನುವುದಕ್ಕೆ ಒಂದು ಪ್ರಯೋಗ ಉಂಟು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಸರಾಸರಿ 67 ವರ್ಷದ, ಯಾವ ರೋಗವೂ ಇಲ್ಲದ ಗಟ್ಟಿಮುಟ್ಟಿನ ಕೆಲವರನ್ನು ಹತ್ತು ದಿನ ಸುಮ್ಮನೆ ಮಲಗಿಸಿದರು. ಹತ್ತೇ ದಿನಕ್ಕೆ ಅವರ ಕಾಲುಗಳ ಮಾಂಸ ಸುಮಾರು ಒಂದು ಕಿಲೋ ಇಳಿದಿತ್ತು. ಇವರಿಗೆ ಪೆಟ್ಟಿಲ್ಲ, ನೋವಿಲ್ಲ, ಊಟವೂ ಸರಿಯಾಗಿ ಸಿಕ್ಕಿದೆ. ನಮ್ಮ ಅಜ್ಜಿ ಮಲಗಿದ್ದು ನೂರರ ಹತ್ತಿರ ದಿನ. ವಯಸ್ಸಿನಿಂದ ಮಾಂಸ ಕರಗುವುದಕ್ಕೆ ಒಂದು ಹೆಸರು ಬಂದದ್ದೇ 1989ರಲ್ಲಿ, ಇರ್ವಿನ್ ರೋಸನ್‌ಬರ್ಗ್ ಎಂಬವರು ಗ್ರೀಕ್ ಮಾತುಗಳಿಂದ ಕಟ್ಟಿದ ಸಾರ್ಕೋಪೀನಿಯ. ಹೆಸರೇ ಇಲ್ಲದ ರೋಗಕ್ಕೆ ಮದ್ದು ಹುಡುಕುವವರು ಯಾರು?

ಕರಗಿದ ಮಾಂಸ ಮುದುಕರಲ್ಲಿ ತಿರುಗಿ ಬರುವುದಿಲ್ಲ ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು, ಡಾಕ್ಟರುಗಳೂ ಸೇರಿ. ಬರುತ್ತದೆ ಎಂಬುದಕ್ಕೆ ಮೊದಲ ದಾರಿ ತೋರಿಸಿದವರು ತರುಣ ಸಿಪಾಯಿಗಳು. ಎರಡನೇ ಮಹಾಯುದ್ಧದಲ್ಲಿ ಕಾಲಿಗೆ ಗಾಯವಾದ ಸೈನಿಕರಿಂದ ಅಮೆರಿಕದ ಆಸ್ಪತ್ರೆಗಳು ತುಂಬಿದ್ದವು. ಹಗುರದ ವ್ಯಾಯಾಮವನ್ನು ನೂರಾರು ಸಲ ಮಾಡಿಸುವುದು ಆಗಿನ ಕ್ರಮ. ಷಿಕಾಗೋದ ಸೈನ್ಯದ ಆಸ್ಪತ್ರೆಯಲ್ಲಿದ್ದ ಥಾಮಸ್ ಡೆಲಾರ್ಮ್ ಎಂಬ ತರುಣ ಡಾಕ್ಟರು, ಸ್ವತಃ ಜ್ವರದಲ್ಲಿ ಹಾಸಿಗೆ ಹಿಡಿದು ಎದ್ದ ಮೇಲೆ ಭಾರ ಎತ್ತಿ ಮೈ ಕಟ್ಟಿಕೊಂಡವರು. ಅವರು ಕಾಲಿಗೆ ಕಬ್ಬಿಣದ ಭಾರ ಕಟ್ಟಿ, ಹತ್ತೇ ಸಲ ಎತ್ತಲು ಆಗುವಷ್ಟು ಭಾರದಿಂದ ಶುರು ಮಾಡಿ, ವಾರ ವಾರ ಏರಿಸುತ್ತಾ ಹೋದರು. 1945ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಸ್ನಾಯುವಿಗೆ ಬೇಕಾದದ್ದು ಲೆಕ್ಕದ ಭಾರ, ಅದೂ ಏರುತ್ತಾ ಹೋಗುವ ಭಾರ ಎಂಬುದು ಗಟ್ಟಿಯಾಯಿತು.

ಸುಶ್ರುತದ ಇನ್ನೊಂದು ಮಾತು ಎಂದೆನಲ್ಲ, ಅದು ಇಲ್ಲಿಗೆ ಬೇಕಾದದ್ದು. ಅಂಗೈಯ ಪೆಟ್ಟು ವಾಸಿಯಾದ ಮೇಲೆ ರೋಗಿಯ ಕೈಯಲ್ಲಿ ಮೊದಲು ಮಣ್ಣಿನ ಉಂಡೆ ಹಿಡಿಸಬೇಕು, ಆಮೇಲೆ ಉಪ್ಪಿನ ಗಟ್ಟಿ, ಕೈಗೆ ಬಲ ಬಂದ ಮೇಲೆ ಕಲ್ಲು, ಎಂದು ಅದರಲ್ಲಿ ಹೇಳಿದೆ. ಡೆಲಾರ್ಮ್ ಮಾಡಿದ್ದು ಇದನ್ನೇ. ಆದರೆ ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಎದೆ ತಟ್ಟಿಕೊಳ್ಳುವವ ನಾನಲ್ಲ. ಕೈಗೆ ಹೇಳಿದ ಆ ಮಾತು ಸೊಂಟಕ್ಕೆ ಬರಲಿಲ್ಲ. ಸೊಂಟಕ್ಕೆ ಐದು ಗೂಟವೇ ಉಳಿಯಿತು.

ಮುದುಕರ ಸರದಿ ಬಂದದ್ದು 1990ರಲ್ಲಿ. ಬೋಸ್ಟನ್ನಿನ ಒಂದು ವೃದ್ಧರ ಆಸ್ಪತ್ರೆಯಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ, 86ರಿಂದ 96 ವರ್ಷದ ಹತ್ತು ಮಂದಿಯನ್ನು ಆರಿಸಿ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತೊಂಬತ್ತರ ಮುದುಕಿಗೆ ಭಾರ ಎತ್ತಿಸುವುದೆಂದರೆ ನಮ್ಮಲ್ಲಿ ಪೋಲೀಸು ಕಂಪ್ಲೇಂಟು ಆದೀತು. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ 174 ಶೇಕಡಾ ಏರಿತು, ಅಂದರೆ ಮೊದಲಿದ್ದದ್ದರ ಎರಡೂವರೆ ಪಾಲಿಗಿಂತ ಹೆಚ್ಚು. ಇಬ್ಬರು ಊರುಗೋಲು ಬಿಟ್ಟರು. ಕೈ ಊರದೆ ಕುರ್ಚಿಯಿಂದ ಏಳಲಾಗದ ಮೂವರಲ್ಲಿ ಒಬ್ಬರು ಏಳತೊಡಗಿದರು. 2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಲೆನ್ ಬೈಂಡರ್ ಮತ್ತು ಜೊತೆಯವರು, ಸೊಂಟ ಮುರಿದು ಆಪರೇಶನ್ ಆದ 90 ಮಂದಿಯ ಮೇಲೆ ಇದನ್ನೇ ನೋಡಿದರು. ಮಾಮೂಲಿ ಫಿಸಿಯೋಥೆರಪಿ ಮುಗಿದ ಮೇಲೆ ಒಂದು ಗುಂಪಿಗೆ ಮನೆಯಲ್ಲೇ ಮಾಡುವ ಹಗುರದ ವ್ಯಾಯಾಮ, ಇನ್ನೊಂದಕ್ಕೆ ಆರು ತಿಂಗಳು ಒಬ್ಬರು ಎದುರು ನಿಂತು ಮಾಡಿಸುವ, ಭಾರ ಏರಿಸುವ ವ್ಯಾಯಾಮ. ಎರಡನೆಯ ಗುಂಪು ಬಲದಲ್ಲೂ ನಡಿಗೆಯಲ್ಲೂ ಸಮತೋಲದಲ್ಲೂ ಮುಂದೆ ಹೋಯಿತು. ಇದನ್ನು ಓದಿದಾಗ ನನಗೆ ಮುಖ್ಯ ಎನಿಸಿದ್ದು ಎರಡು ಸಂಗತಿ, ಆರು ತಿಂಗಳು ಎಂಬುದು ಒಂದು, ಒಬ್ಬರು ಎದುರು ನಿಂತು ಎಂಬುದು ಇನ್ನೊಂದು.

ನಮ್ಮ ದೇಶದಲ್ಲಿ ಈ ಎದುರು ನಿಲ್ಲುವವರು ತಯಾರಾದದ್ದು ತಡವಾಗಿ. 1952ರಲ್ಲಿ ಮುಂಬಯಿಯಲ್ಲಿ ಪೋಲಿಯೋ ಹಬ್ಬಿದ ಮೇಲೆ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಲಿಸುವ ಶಾಲೆ ಬಂತು. ವೆಲ್ಲೂರಿನ ಮೇರಿ ವರ್ಗೀಸರ ಹೆಸರನ್ನು ಇಲ್ಲಿ ಹೇಳದೆ ಹೋಗಬಾರದು. ಕೇರಳದ ಈ ವೈದ್ಯೆ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಆಪರೇಶನ್ ಮಾಡಿದರು, ಅಮೆರಿಕಕ್ಕೆ ಹೋಗಿ ಪುನಶ್ಚೇತನದ ವೈದ್ಯ ಕಲಿತು ಬಂದರು, 1966ರಲ್ಲಿ ವೆಲ್ಲೂರಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ತೆರೆದರು. ಆಪರೇಶನ್ ಮುಗಿದಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ದೊಡ್ಡಮ್ಮ ಬಿದ್ದದ್ದು 2016ರಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಅಂಗಳದಲ್ಲಿ ಬಿದ್ದಿದ್ದ ಒದ್ದೆ ಹಾಳೆಯ ಮೇಲೆ ಕಾಲಿಟ್ಟು. ಮಂಗಳೂರಿನಲ್ಲಿ ಮರುದಿನವೇ ಅರ್ಧ ಬದಲಿ ಮಾಡಿದರು, ಅಂದರೆ ಚೆಂಡು ಮಾತ್ರ. ಎರಡನೇ ದಿನ ವಾಕರ್ ಹಿಡಿಸಿ ನಿಲ್ಲಿಸಿದರು. ಏಳನೇ ದಿನ ಮನೆಗೆ ಬಂದರು. ಮನೆಗೆ ಬಂದದ್ದೇ ಪ್ರೀತಿ ಶುರುವಾಯಿತು. ನೋಡಲು ಬಂದ ನೆಂಟರೆಲ್ಲ "ಏಳ್ಬೇಡಿ ಅಕ್ಕ, ಮಲಗಿಯೇ ಮಾತಾಡಿ" ಎನ್ನುವವರೇ. ಸೊಸೆ ಗಂಜಿಯನ್ನು ಮಂಚಕ್ಕೇ ತಂದಳು. ಹತ್ತು ದಿನದಲ್ಲಿ ಆಸ್ಪತ್ರೆಯಲ್ಲಿ ನಿಂತಿದ್ದ ದೊಡ್ಡಮ್ಮ ಮನೆಯಲ್ಲಿ ನಿಲ್ಲದಾದರು. ಆಗ ಬಂದವಳು ಬದಿಯಡ್ಕ ಕಡೆಯ ಒಬ್ಬಳು ಫಿಸಿಯೋಥೆರಪಿ ಹುಡುಗಿ, ವಾರಕ್ಕೆ ಎರಡು ಸಲ. ಅವಳ ಮಾತು ಮಲಯಾಳ, ಕನ್ನಡ ತುಂಡುತುಂಡು. ಮೊದಲ ದಿನ ಮಂಚದ ಹತ್ತಿರ ಒಂದು ಎತ್ತರದ ಕೈಕುರ್ಚಿ ತರಿಸಿ, ಕೂತು ಏಳಿಸಿದಳು. ಮೂರನೇ ಸಲಕ್ಕೆ ದೊಡ್ಡಮ್ಮ, "ಸಾಕು ಮಗಾ, ಇನ್ನು ನಾಳೆ ನೋಡುವ" ಎಂದರು. "ನಾಳೆ ನಾನು ಬರುದಿಲ್ಲ ಅಮ್ಮಾ, ಇನ್ನೊಂದು ಏಳಿ" ಎಂದಳು ಅವಳು.

ಎರಡು ವಾರದ ಮೇಲೆ ಅರ್ಧ ಕಿಲೋ ಅಕ್ಕಿ ತುಂಬಿದ ಬಟ್ಟೆ ಚೀಲ ಕಣಕಾಲಿಗೆ ಬಂತು. ಕುರ್ಚಿಯಲ್ಲಿ ಕೂತು ಮೊಣಕಾಲು ನೀಡುವುದು, ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು. ಈ ಎರಡನೆಯದೇ ನಾನು ಹೇಳಿದ ಏತದ ಕಲ್ಲನ್ನು ಗಟ್ಟಿ ಮಾಡುವುದು. ಅರ್ಧ ಕಿಲೋ ಒಂದಾಯಿತು, ಒಂದು ಎರಡಾಯಿತು. ನೋವು ಉಂಟು ಎಂದರೆ ಅವಳು ಎಂಥ ನೋವು ಎಂದು ಕೇಳುತ್ತಿದ್ದಳು. ಕೆಲಸ ಮಾಡಿದ ಸ್ನಾಯುವಿನ ನೋವಾದರೆ ಮುಂದುವರಿಸುವುದು, ತೊಡೆಸಂದಿಯಲ್ಲಿ ಚುಚ್ಚುವ ನೋವಾದರೆ, ಕಾಲು ಬಾತರೆ, ಜ್ವರ ಬಂದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡುವುದು.

ಊಟದ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಆಪರೇಶನ್ ಆದವರಿಗೆ ತೆಳು ಗಂಜಿ, ಉಪ್ಪಿನಕಾಯಿ ರಸ, ಇದೇ ನಮ್ಮ ಪಥ್ಯ. ಮಾಂಸ ಕಟ್ಟಲು ಬೇಕಾದದ್ದು ಪ್ರೊಟೀನ್. ಗಾಯದಿಂದ ಏಳುತ್ತಿರುವ ಮುದುಕರಿಗೆ, ಕಿಡ್ನಿಯ ತೊಂದರೆ ಇಲ್ಲದಿದ್ದರೆ, ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ಒಂದು ಕಾಲು ಗ್ರಾಮಿನಷ್ಟು ಬೇಕು ಎಂದು ಈಗಿನ ತಿಳುವಳಿಕೆ. ಐವತ್ತು ಕಿಲೋದವರಿಗೆ ಅರುವತ್ತು ಗ್ರಾಂ ದಾಟುತ್ತದೆ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತೆರಡರ ಹತ್ತಿರ. ಗಂಜಿ ತಿಳಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟಿಲ್ಲ. ದೊಡ್ಡಮ್ಮ ಮೊಟ್ಟೆ ಮುಟ್ಟುವವರಲ್ಲ, ಅವರಿಗೆ ಹುರುಳಿ ಸಾರು, ಹೆಸರುಕಾಳಿನ ಪಾಯಸ, ಮೊಸರು. ನೆರೆಮನೆಯಲ್ಲಾದರೆ ಬೂತಾಯಿ ಮೀನು ಈ ಕೆಲಸವನ್ನು ಕಡಿಮೆ ಕ್ರಯದಲ್ಲಿ ಮಾಡುತ್ತದೆ. ಐದನೇ ತಿಂಗಳಿಗೆ ದೊಡ್ಡಮ್ಮ ಕೋಲು ಹಿಡಿದು ತುಳಸಿಕಟ್ಟೆಗೆ ಹೋದರು. ಮೊದಲಿನ ಹಾಗೆ ತೋಟಕ್ಕೆ ಇಳಿಯಲು ಆಗಲಿಲ್ಲ, ಅದನ್ನೂ ಹೇಳಬೇಕು. ಲೋಕದ ಲೆಕ್ಕದಲ್ಲೂ ಸೊಂಟ ಮುರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಮೊದಲಿನ ನಡಿಗೆ ಪೂರ್ತಿ ಸಿಗುವುದು.

2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಬಿತ್ತು. ಮಂಗಳೂರಿಗೆ ಮುಟ್ಟಲಾಗದೆ ರೋಗಿಗಳು ತೀರಿಹೋದ ಸುದ್ದಿಗಳು ಬಂದವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಕ್ಕಿನಡ್ಕದಲ್ಲಿ ಕಟ್ಟುತ್ತಿದ್ದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ನಮ್ಮ ನೆರೆಯ ಅಜ್ಜನೊಬ್ಬರಿಗೆ ಫೆಬ್ರವರಿಯಲ್ಲಿ ಸೊಂಟದ ಆಪರೇಶನ್ ಆಗಿತ್ತು. ತೋರಿಸಲು ಹೋಗುವ ದಾರಿ ಇಲ್ಲ, ಮನೆಗೆ ಬರುವ ಫಿಸಿಯೋ ಇಲ್ಲ. ಬೆಂಗಳೂರಿನಿಂದ ಬಂದು ಮನೆಯಲ್ಲಿ ಸಿಕ್ಕಿಬಿದ್ದ ಮೊಮ್ಮಗನಿಗೆ ಬೇರೆ ಕೆಲಸವಿರಲಿಲ್ಲ. ಫಿಸಿಯೋದವರು ಫೋನಿನ ವಿಡಿಯೋದಲ್ಲಿ ಹೇಳಿದ್ದನ್ನು ದಿನಕ್ಕೆ ಎರಡು ಸಲ ಅಜ್ಜನಿಂದ ಮಾಡಿಸಿದ. ಗೋಡೆಯಲ್ಲಿ ಇದ್ದಿಲಿನಿಂದ ಗೆರೆ ಹಾಕಿ ಲೆಕ್ಕ ಇಟ್ಟ. ಗಡಿ ತೆರೆಯುವಾಗ ಅಜ್ಜ ಗೇಟಿನವರೆಗೆ ನಡೆಯುತ್ತಿದ್ದರು. ಎದುರು ನಿಲ್ಲುವವರು ಡಿಗ್ರಿ ಇದ್ದವರೇ ಆಗಬೇಕೆಂದಿಲ್ಲ, ಹೇಳಿಕೊಡುವವರು ಇದ್ದರೆ ಸಾಕು ಎಂದು ನನಗೆ ಆಗ ಅನ್ನಿಸಿತು.

ಹೇಳಿಕೊಡುವವರನ್ನು ಮನೆಗೆ ಮುಟ್ಟಿಸುವ ದಾರಿಯೊಂದು ಕೇರಳದಲ್ಲಿ ಉಂಟು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಸಾಂತ್ವನ ಚಿಕಿತ್ಸೆಯ ಕೆಲಸವನ್ನು 2008ರಲ್ಲಿ ಸರಕಾರ ತನ್ನ ನೀತಿಯಾಗಿ ಒಪ್ಪಿಕೊಂಡಿತು. ಆಮೇಲೆ ಪಂಚಾಯತುಗಳ ನರ್ಸು ಮನೆಮನೆಗೆ ಬರುತ್ತಾರೆ. ಅವರು ಬರುವುದು ಹೆಚ್ಚಾಗಿ ಹಾಸಿಗೆ ಹಿಡಿದ ಮೇಲೆ, ಹುಣ್ಣು ತೊಳೆಯಲು, ಟ್ಯೂಬು ಬದಲಿಸಲು. ಆಪರೇಶನ್ ಆಗಿ ಬಂದ ಮೊದಲ ವಾರವೇ ಆ ಜೀಪು ಅಂಗಳಕ್ಕೆ ಬಂದರೆ, ಅದರಲ್ಲಿ ಫಿಸಿಯೋದವರೂ ಒಬ್ಬರು ಇದ್ದರೆ, ಆ ಹುಣ್ಣುಗಳಲ್ಲಿ ಕೆಲವಾದರೂ ಆಗುವುದೇ ಇಲ್ಲ. 2011ರ ಜನಗಣತಿಯಲ್ಲಿ ಕೇರಳದವರಲ್ಲಿ ಅರುವತ್ತು ದಾಟಿದವರು ನೂರಕ್ಕೆ ಹನ್ನೆರಡೂವರೆ, ದೇಶದ ಲೆಕ್ಕ ಎಂಟೂವರೆಯ ಹತ್ತಿರ. ಗ್ರಾಮಸಭೆಯಲ್ಲಿ ರಸ್ತೆ ಮತ್ತು ದಾರಿದೀಪದ ಜೊತೆಗೆ ಇದನ್ನೂ ಬರೆಸಬಹುದು.

ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ಮೂರು ವಾಕರ್, ಎತ್ತರದ ಒಂದು ಕಮೋಡು ಕುರ್ಚಿ ಉಂಟು, ಊರಿನವರೇ ಕೊಟ್ಟದ್ದು. ಬೇಕಾದವರು ರಿಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಬಹುದು. ಎರಡು ವಾಕರ್ ಹೊಸದರ ಹಾಗೆಯೇ ಹಿಂದೆ ಬಂದಿವೆ. ಮೂರನೆಯದರ ಕಾಲಿನ ರಬ್ಬರು ನಾಲ್ಕೂ ಸವೆದು ಹೋಗಿದೆ, ಬದಲಿಸಬೇಕು.